ಗಾಜು ಹೇಳಿದಷ್ಟೇ ಇಂಚು

ಕ್ಯಾಲಿಫೋರ್ನಿಯಾದ ಬ್ಯಾರಿಸ್ ಸಹೋದರರು 1952ರಲ್ಲಿ ಬಾಬ್ ಹಿರೋಹಾಟಾ ಎಂಬ ತರುಣನಿಗಾಗಿ ಒಂದು 1951ರ ಮರ್ಕ್ಯುರಿ ಕಾರನ್ನು ಮಾರ್ಪಡಿಸಿದರು. ಅದರ ಚಾವಣಿಯನ್ನು ಮುಂದುಗಡೆ 4 ಇಂಚು, ಹಿಂದುಗಡೆ 7 ಇಂಚು ತಗ್ಗಿಸಿದ್ದರು. ಎಪ್ಪತ್ತು ವರ್ಷಗಳ ನಂತರ, 2022ರ ಜನವರಿಯಲ್ಲಿ ಆ ಕಾರು ಫ್ಲಾರಿಡಾದ ಹರಾಜಿನಲ್ಲಿ 21 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಯಿತು. ಆ ಕಾರನ್ನು ಮೆಚ್ಚುವವರು ಸಾಮಾನ್ಯವಾಗಿ ಅದರ ಎರಡು ಛಾಯೆಯ ಹಸಿರು ಬಣ್ಣವನ್ನೋ, ಬಾಗಿಲ ಹಿಂದಿನ ನಡುಗಂಬವನ್ನೇ ತೆಗೆದುಹಾಕಿದ ಧೈರ್ಯವನ್ನೋ ಹೊಗಳುತ್ತಾರೆ. ಅದಕ್ಕಿಂತ ಹೆಚ್ಚು ಗಮನ ಸಲ್ಲಬೇಕಾದದ್ದು ಆ ನಾಲ್ಕು ಮತ್ತು ಏಳರ ನಡುವಿನ ಅಂತರಕ್ಕೆ. ಚಾವಣಿಯನ್ನು ನಾಲ್ಕೂ ಕಡೆ ಸಮನಾಗಿ ಕತ್ತರಿಸಿ ಕೆಳಗಿಳಿಸಿದರೆ ಕೆಲಸ ಮುಗಿಯುವುದಿಲ್ಲ, ಹಿಂಬದಿಗೆ ಅದರದೇ ಲೆಕ್ಕವಿದೆ ಎಂಬುದನ್ನು ಆ ಎರಡು ಅಂಕಿಗಳು ಒಪ್ಪಿಕೊಳ್ಳುತ್ತವೆ. ಈ ಲೇಖನದ ವಾದ ಇಷ್ಟು: ಹಳೆಯ ಕಾರಿನ ಚಾವಣಿ ತಗ್ಗಿಸಲು ಹೊರಟವರು ಎಷ್ಟು ಇಂಚು ಎಂದು ಮೊದಲೇ ನಿಶ್ಚಯಿಸಿ, ಕೊನೆಗೆ ಗಾಜಿನ ಚಿಂತೆಗೆ ಬೀಳುವುದು ತಲೆಕೆಳಗಾದ ಕ್ರಮ. ಕಾರಿನ ಜೊತೆ ಹುಟ್ಟಿದ ಹಿಂಬದಿ ಗಾಜನ್ನು ಇಡಿಯಾಗಿ ಉಳಿಸಿಕೊಂಡು, ಎಷ್ಟು ಇಂಚು ಎಂಬುದನ್ನು ಆ ಗಾಜಿನಿಂದಲೇ ಕೇಳಿ ತಿಳಿಯಬೇಕು.

ಅಮೆರಿಕದ ಕಾರುಪ್ರಿಯರು ಚಾಪ್ ಎಂದು ಕರೆಯುವ ಈ ಕಸುಬು ಹುಟ್ಟಿದ್ದು ಅಂದಕ್ಕಾಗಿ ಅಲ್ಲ, ವೇಗಕ್ಕಾಗಿ. 1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮುರಾಕ್‌ನಂಥ ಒಣ ಸರೋವರಗಳ ಗಟ್ಟಿ ನೆಲದ ಮೇಲೆ ಹಳೆಯ ಫೋರ್ಡ್‌ಗಳನ್ನು ಓಡಿಸುತ್ತಿದ್ದರು. ಗಾಳಿಗೆ ಎದುರಾಗುವ ಮೈ ಕಡಿಮೆಯಾದಷ್ಟೂ ವೇಗ ಹೆಚ್ಚು. ಹಾಗಾಗಿ ಚಾವಣಿ ಹೊತ್ತ ಕಂಬಗಳನ್ನು ಕೊಯ್ದು, ನಡುವಿನ ತುಂಡು ತೆಗೆದು, ಚಾವಣಿಯನ್ನು ಮತ್ತೆ ವೆಲ್ಡ್ ಮಾಡುತ್ತಿದ್ದರು. 1932ರ ಫೋರ್ಡ್ ಕೂಪೆಯಂಥ ಕಾರಿನಲ್ಲಿ ಇದು ಕಷ್ಟದ ಕೆಲಸವಾದರೂ ಗೋಜಲಿನದ್ದಲ್ಲ. ಕಂಬಗಳು ಹೆಚ್ಚುಕಡಿಮೆ ನೆಟ್ಟಗಿದ್ದವು, ಗಾಜುಗಳು ಚಪ್ಪಟೆಯಾಗಿದ್ದವು. ಕಿಟಕಿ ಚಿಕ್ಕದಾಯಿತೇ, ಗಾಜಿನಂಗಡಿಗೆ ಹೋಗಿ ಹೊಸ ಅಳತೆಗೆ ಕೊಯ್ಸಿದರಾಯಿತು. ಹಿಂಬದಿಯ ಪುಟ್ಟ ಕಿಟಕಿಯ ಕೆಳಗಿನ ತಗಡಿನಲ್ಲೇ ಕೊಯ್ತ ಹಾಕಿದರೆ ಕಿಟಕಿ ತನ್ನ ಅಳತೆಯಲ್ಲೇ ಚಾವಣಿಯ ಜೊತೆ ಕೆಳಗಿಳಿಯುತ್ತಿತ್ತು. ತೆರೆದ ಕಾರುಗಳಿಗೆ ಲಾಸ್ ಏಂಜಲೀಸ್‌ನ ಕಾರ್ಸನ್ ಅಂಗಡಿಯವರು ಮೆತ್ತೆ ತುಂಬಿದ ಬಟ್ಟೆಯ ಟಾಪ್ ಹೊಲಿದುಕೊಡುತ್ತಿದ್ದರು. ಅದರಲ್ಲಂತೂ ಹಿಂದಿನ ಕಿಟಕಿ ಬಟ್ಟೆಯೊಳಗಿನ ಒಂದು ಕಿರಿದಾದ ಕಂಡಿ ಅಷ್ಟೆ.

ತೊಡಕು ಶುರುವಾದದ್ದು ಎರಡನೆಯ ಮಹಾಯುದ್ಧದ ನಂತರ. 1947ರ ಸ್ಟುಡಿಬೇಕರ್ ಸ್ಟಾರ್‌ಲೈಟ್ ಕೂಪೆ ನಾಲ್ಕು ತುಂಡು ಗಾಜಿನಿಂದ ಇಡೀ ಬೆನ್ನನ್ನೇ ಸುತ್ತುವರಿಯಿತು. 1949ರ ಮಾದರಿಯಾಗಿ ಬಂದ ಮರ್ಕ್ಯುರಿಯ ಮೈ ದುಂಡಗಾಯಿತು, 1951ರ ಹೊತ್ತಿಗೆ ಅದರ ಹಿಂಬದಿ ಗಾಜು ಇನ್ನೂ ದೊಡ್ಡದಾಯಿತು. ಗಾಜು ಈಗ ತಗಡಿನ ತೂತು ಮುಚ್ಚುವ ಫಲಕವಲ್ಲ, ಚಾವಣಿಯಿಂದ ಡಿಕ್ಕಿಗೆ ಇಳಿಯುವ ಒಂದೇ ಮೇಲ್ಮೈಯ ಭಾಗ. ಚಾಪ್ ಮಾಡುವವನ ಪಾಲಿಗೆ ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿತ್ತು. ಹೀಗೆ ಬಾಗಿದ ಹಿಂಬದಿ ಗಾಜುಗಳು ಬಹುಪಾಲು ಟಫನ್ಡ್ ಗಾಜುಗಳು. ಮುಂದಿನ ಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿದ ಲ್ಯಾಮಿನೇಟೆಡ್ ಗಾಜು. ಅದನ್ನು ಎರಡೂ ಬದಿ ಗೀರಿ, ಮುರಿದು, ನಡುವಿನ ಪದರವನ್ನು ಕೊಯ್ದು ಬೇರ್ಪಡಿಸಬಹುದು. ಬಾಗಿದ ಲ್ಯಾಮಿನೇಟೆಡ್ ಗಾಜನ್ನೂ ಮರಳು ಚಿಮ್ಮಿಸಿಯೋ ನೀರು ಬಿಡುತ್ತ ಉಜ್ಜಿಯೋ ತಾಳ್ಮೆಯಿಂದ ಕಡಿಮೆ ಮಾಡುವ ಕುಶಲಿಗಳಿದ್ದಾರೆ. ಟಫನ್ಡ್ ಗಾಜು ಯಾವ ಕುಶಲತೆಗೂ ಬಗ್ಗುವುದಿಲ್ಲ.

ಕಾರಣ ಅದರ ಹುಟ್ಟಿನಲ್ಲಿದೆ. ಗಾಜನ್ನು ಬೇಕಾದ ಆಕಾರಕ್ಕೆ ಕೊಯ್ದು, ಅಂಚು ನಯಗೊಳಿಸಿ, ಸುಮಾರು 620 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ, ಬಾಗಿಸಿ, ಎರಡೂ ಬದಿಯಿಂದ ರಭಸದ ಗಾಳಿ ಹಾಯಿಸಿ ಒಮ್ಮೆಗೇ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನ ಭಾಗ ಆಮೇಲೆ ತಣಿದು ಕುಗ್ಗುವಾಗ ಹೊರಮೈಯನ್ನು ಒಳಕ್ಕೆ ಎಳೆಯುತ್ತದೆ. ಹೀಗೆ ಹೊರಮೈ ಸದಾ ಒತ್ತಡದಲ್ಲಿ, ಒಳಗು ಸದಾ ಸೆಳೆತದಲ್ಲಿ ಉಳಿಯುತ್ತವೆ. ಪೂರ್ತಿ ಟಫನ್ ಆದ ಗಾಜಿನ ಹೊರಮೈಯ ಒತ್ತಡ ಚದರ ಇಂಚಿಗೆ 10,000 ಪೌಂಡ್‌ಗೂ ಹೆಚ್ಚು. ಒತ್ತಡದ ಪದರ ಪ್ರತಿ ಬದಿಯಲ್ಲೂ ದಪ್ಪದ ಸುಮಾರು ಐದನೇ ಒಂದು ಭಾಗ. ಗೀರು ಆ ಪದರ ದಾಟಿ ಸೆಳೆತದ ವಲಯ ಮುಟ್ಟಿದ ಕ್ಷಣ ಕೂಡಿಟ್ಟ ಶಕ್ತಿಯೆಲ್ಲ ಬಿಡುಗಡೆಯಾಗಿ ಗಾಜು ಸಣ್ಣ ಮೊಂಡು ತುಣುಕುಗಳಾಗಿ ಚೆಲ್ಲುತ್ತದೆ. ಕರಗಿದ ಗಾಜಿನ ಹನಿಯನ್ನು ನೀರಿಗೆ ಬೀಳಿಸಿ ಮಾಡಿದ, ತಲೆಗೆ ಸುತ್ತಿಗೆಯೇಟು ತಿಂದರೂ ಒಡೆಯದೆ ಬಾಲ ಚಿವುಟಿದರೆ ಪುಡಿಯಾಗುವ ರೂಪರ್ಟ್ ಹನಿಗಳನ್ನು ಕಂಡು 1660ರ ದಶಕದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರು ಬೆರಗಾಗಿದ್ದರು. ಅದೇ ಗುಣವನ್ನು ಫ್ರಾನ್ಸಿನ ಡಿ ಲಾ ಬಾಸ್ಟಿ 1874ರಲ್ಲಿ ಹದಗೊಳಿಸಿದ ಗಾಜಿಗೆ ಪೇಟೆಂಟ್ ಪಡೆದು ಉಪಯೋಗಕ್ಕೆ ತಂದ. ಹಿಂದೆ ಕೂತವರ ಕತ್ತು ಕೊಯ್ಯದೆ ಪುಡಿಯಾಗಲಿ ಎಂಬುದೇ ಕಾರಿನಲ್ಲಿ ಈ ಗಾಜಿನ ಉದ್ದೇಶ. ಕತ್ತರಿಸಲಾಗದಿರುವುದು ಅದರ ಕುಂದಲ್ಲ, ಅದು ಕಾಪಾಡುವ ಗುಣದ ಇನ್ನೊಂದು ಮುಖ. ಗಾಜು ಟಫನ್ಡ್ ಹೌದೋ ಅಲ್ಲವೋ ಎಂದು ತಿಳಿಸುವ ಮೂಲೆಯ ಮುದ್ರೆ ಅಳಿಸಿಹೋಗಿದ್ದರೆ ಅದನ್ನು ಪೋಲರಾಯ್ಡ್ ತಂಪು ಕನ್ನಡಕದ ಮೂಲಕ ಬಿಸಿಲಿನಲ್ಲಿ ನೋಡಬೇಕು. ಗಾಳಿಯಿಂದ ತಣಿದ ಗುರುತುಗಳು ಮಸುಕು ಮಚ್ಚೆಗಳಾಗಿ ಕಂಡರೆ ಆ ಗಾಜಿಗೆ ಕಟ್ಟರ್ ತಾಗಿಸುವಂತಿಲ್ಲ.

ಇನ್ನು ಉಳಿದದ್ದು ಗಾಜನ್ನು ಬಿಟ್ಟು ತಗಡನ್ನು ಬದಲಿಸುವ ದಾರಿ. ಲೆಕ್ಕ ಹಾಕಿ ನೋಡಿದರೆ ಅದು ಅನಿವಾರ್ಯ ಮಾತ್ರವಲ್ಲ, ಒಳ್ಳೆಯದೂ ಹೌದು ಎಂದು ತಿಳಿಯುತ್ತದೆ. ಉದಾಹರಣೆಗೆ, ಮೇಲಿಂದ ಕೆಳಕ್ಕೆ 40 ಸೆಂಟಿಮೀಟರ್ ಉದ್ದದ ಹಿಂಬದಿ ಗಾಜು ನೆಟ್ಟಗಿನ ಗೆರೆಯಿಂದ 40 ಡಿಗ್ರಿ ಮುಂದಕ್ಕೆ ಒರಗಿದೆ ಎಂದುಕೊಳ್ಳೋಣ. ಆಗ ಅದು ತುಂಬುವ ಎತ್ತರ 30.6 ಸೆಂಟಿಮೀಟರ್. ಗಾಜಿನ ತಲೆ ಅದರ ಬುಡಕ್ಕಿಂತ 25.7 ಸೆಂಟಿಮೀಟರ್ ಮುಂದೆ ಇರುತ್ತದೆ. ಚಾವಣಿಯನ್ನು 10 ಸೆಂಟಿಮೀಟರ್, ಅಂದರೆ ನಾಲ್ಕು ಇಂಚಿನಷ್ಟು ಇಳಿಸಿದರೆ ಉಳಿಯುವ ಎತ್ತರ 20.6. ಅದೇ ಗಾಜು ಆ ಎತ್ತರದಲ್ಲಿ ಕೂರಬೇಕಾದರೆ 59 ಡಿಗ್ರಿಗೆ ಒರಗಬೇಕು. ಬುಡ ಇದ್ದಲ್ಲೇ ಇದ್ದರೆ ತಲೆ ಈಗ 34.3 ಸೆಂಟಿಮೀಟರ್ ಮುಂದೆ, ಅಂದರೆ ಮೊದಲಿಗಿಂತ 8.6 ಸೆಂಟಿಮೀಟರ್ ಮುಂದಕ್ಕೆ ಸರಿಯುತ್ತದೆ. ಚಾವಣಿಯ ಹಿಂದಿನ ಅಂಚೂ ಅಷ್ಟು ಮುಂದೆ ಬರಬೇಕು. ಇದು ತೊಂದರೆಯಂತೆ ಕಾಣುತ್ತದೆ. ಆದರೆ ಕಾರಿನ ಮುಂದಿನ ತುದಿಯಲ್ಲಿ ಏನಾಗುತ್ತದೆ ನೋಡಿ. ಮುಂದಿನ ಕಂಬಗಳು ಹಿಂದಕ್ಕೆ ಒರಗಿರುತ್ತವೆ. ಅವುಗಳ ಓರೆ 30 ಡಿಗ್ರಿಯಾದರೆ, 10 ಸೆಂಟಿಮೀಟರ್ ಕೊಯ್ದು ತೆಗೆದಾಗ ಉಳಿದ ಕಂಬದ ತುದಿ ಚಾವಣಿಯ ಅಂಚಿಗಿಂತ 5.8 ಸೆಂಟಿಮೀಟರ್ ಮುಂದೆ ನಿಂತಿರುತ್ತದೆ. ಅದನ್ನು ಸೇರಲು ಚಾವಣಿ ಹೇಗೂ ಮುಂದೆ ಸರಿಯಲೇಬೇಕು. ಹಿಂದಿನ ಗಾಜು ಕೇಳುವುದೂ ಅದನ್ನೇ. ಇಡೀ ಚಾವಣಿ ಮುಂದಕ್ಕೆ ಜಾರಿದರೆ ಎರಡು ತುದಿಗಳ ನಡುವೆ ಉಳಿಯುವ ವ್ಯತ್ಯಾಸ ಮೂರು ಸೆಂಟಿಮೀಟರ್‌ಗಿಂತ ಕಡಿಮೆ. ಚಾವಣಿ ತನ್ನ ಉದ್ದವನ್ನೂ ತನ್ನ ಬಾಗನ್ನೂ ಹೆಚ್ಚುಕಡಿಮೆ ಉಳಿಸಿಕೊಳ್ಳುತ್ತದೆ.

ಇದೇ ಕಾರಿಗೆ ಗಾಜನ್ನು ಮೊಟಕುಗೊಳಿಸಿ ಹಳೆಯ 40 ಡಿಗ್ರಿ ಓರೆಯನ್ನೇ ಇಟ್ಟುಕೊಂಡರೆ ಲೆಕ್ಕ ತಿರುಗುಮುರುಗಾಗುತ್ತದೆ. ಆಗ ಚಾವಣಿಯ ಹಿಂದಿನ ಅಂಚು 8.4 ಸೆಂಟಿಮೀಟರ್ ಹಿಂದಕ್ಕೆ ಚಾಚಬೇಕು, ಮುಂದಿನ ಅಂಚು 5.8 ಸೆಂಟಿಮೀಟರ್ ಮುಂದಕ್ಕೆ ಚಾಚಬೇಕು. ಅಂದರೆ ಚಾವಣಿಯನ್ನು ಅಡ್ಡಲಾಗಿ ಕೊಯ್ದು 14 ಸೆಂಟಿಮೀಟರ್ ಅಗಲದ ಹೊಸ ತಗಡಿನ ಪಟ್ಟಿ ಸೇರಿಸಬೇಕು. ಚಾವಣಿಯಂಥ ದೊಡ್ಡ, ತೆಳು, ಎರಡೂ ದಿಕ್ಕಿಗೆ ಬಾಗಿದ ತಗಡಿನ ನಡುವೆ ಉದ್ದುದ್ದ ವೆಲ್ಡಿಂಗ್ ಎಂದರೆ ಏನೆಂದು ಟಿಂಕರಿಂಗ್ ಬಲ್ಲವರಿಗೆ ಹೇಳಬೇಕಾಗಿಲ್ಲ. ಕಾವಿಗೆ ತಗಡು ಸೊಟ್ಟಗಾಗುತ್ತದೆ, ಅದನ್ನು ಬಡಿದು ಸರಿಪಡಿಸಲು ವಾರಗಳು ಬೇಕು, ತಾಳ್ಮೆ ತಪ್ಪಿದರೆ ಪುಟ್ಟಿಯ ದಪ್ಪ ಪದರ ಬರುತ್ತದೆ. ಗಾಜನ್ನು ಉಳಿಸುವ ಹಟ ದುಬಾರಿ ಎಂಬ ಮಾತು ಇಲ್ಲಿಗೆ ಬಂದಾಗ ನಿಲ್ಲುವುದಿಲ್ಲ. ಮೂಲ ಗಾಜನ್ನು ಮಲಗಿಸುವುದರಿಂದ ತಗಡಿನ ಕೆಲಸ ಹಲವು ಕಡೆ ಕಡಿಮೆಯೇ ಆಗುತ್ತದೆ. ಕಣ್ಣಿಗೂ ಅದು ಒಪ್ಪುತ್ತದೆ: ಹೀಗೆ ಮಲಗಿದ ಹಿಂಬದಿಯಿಂದಲೇ ಚಾವಣಿ ಒಂದೇ ಉಸಿರಿನಲ್ಲಿ ಡಿಕ್ಕಿಯತ್ತ ಹರಿದಂತೆ ಕಾಣುವುದು.

ಹಾಗೆಂದು ಮಲಗಿಸುವುದು ಸರಳ ಎಂದಲ್ಲ. ಗಾಜು ಅಡ್ಡಲಾಗಿಯೂ ಬಾಗಿರುವುದರಿಂದ ಅದರ ಎರಡು ಮೂಲೆಗಳು ನಡುಭಾಗಕ್ಕಿಂತ ಮುಂದೆ ಇರುತ್ತವೆ. ಗಾಜನ್ನು ಮುಂದಕ್ಕೆ ಒರಗಿಸಿದಾಗ ಮುಂದಿರುವ ಬಿಂದುಗಳು ಹೆಚ್ಚು ಕೆಳಗಿಳಿಯುತ್ತವೆ. ಮೂಲೆಗಳು ನಡುವಿಗಿಂತ 15 ಸೆಂಟಿಮೀಟರ್ ಮುಂದಿದ್ದು, ಓರೆ 19 ಡಿಗ್ರಿ ಹೆಚ್ಚಾದರೆ, ಕೆಳಗಿನ ಎರಡು ಮೂಲೆಗಳು ನಡುಭಾಗಕ್ಕೆ ಹೋಲಿಸಿದರೆ ಸುಮಾರು 5 ಸೆಂಟಿಮೀಟರ್ ತಗ್ಗುತ್ತವೆ. ಮಟ್ಟಸವಾಗಿದ್ದ ಕೆಳಗೆರೆ ಈಗ ನಡುವೆ ಉಬ್ಬಿ ತುದಿಗಳಲ್ಲಿ ಇಳಿದ ಬಿಲ್ಲಾಗುತ್ತದೆ. ಆದ್ದರಿಂದ ಗಾಜಿಗೂ ಡಿಕ್ಕಿಗೂ ನಡುವಿನ ತಗಡನ್ನು ಹಳೆಯ ಗೆರೆಯಲ್ಲಿ ಬಿಡುವಂತಿಲ್ಲ. ಗಾಜು ಕೂರುವ ಚೌಕಟ್ಟನ್ನು ಸುತ್ತಲ ನಾಲ್ಕು ಬೆರಳು ತಗಡಿನ ಸಮೇತ ಒಂದೇ ತುಂಡಾಗಿ ಕೊಯ್ದು ತೆಗೆದು, ಗಾಜಿನ ಜೊತೆ ಅದನ್ನೂ ಒರಗಿಸಿ, ಹೊಸ ಗೆರೆಗೆ ಸುತ್ತಲ ತಗಡನ್ನು ಹೊಂದಿಸುವುದು ಇದಕ್ಕೆ ಬಲ್ಲವರು ಹಿಡಿಯುವ ದಾರಿ. ರಬ್ಬರ್ ಬೀಡಿಂಗ್ ಕೂರುವ ತೆಳು ಅಂಚನ್ನು ಹೊಸದಾಗಿ ಬಾಗಿಸುವುದಕ್ಕಿಂತ ಕಾರ್ಖಾನೆಯ ಅಂಚನ್ನೇ ಉಳಿಸಿಕೊಳ್ಳುವುದು ಎಷ್ಟೋ ಮೇಲು. ಚಾವಣಿ ಇನ್ನೂ ತಗ್ಗಬೇಕು ಎಂದರೆ ಗಾಜಿನ ಬುಡವನ್ನೇ ಸ್ವಲ್ಪ ಕೆಳಗೆ, ಡಿಕ್ಕಿಯ ಕಡೆಗೆ ಇಳಿಸಬಹುದು. ಒರಗಿಸುವುದು, ಬುಡ ಇಳಿಸುವುದು, ಈ ಎರಡನ್ನು ಎಷ್ಟೆಷ್ಟು ಬೆರೆಸಬೇಕೆಂಬುದರಲ್ಲೇ ಕಸುಬಿನ ವಿವೇಕ ಕಾಣುವುದು.

ಇದಕ್ಕೊಂದು ಮಿತಿ ಇದೆ, ಅದೇ ನನ್ನ ವಾದದ ತಿರುಳು. ಅದೇ 40 ಸೆಂಟಿಮೀಟರ್ ಗಾಜನ್ನು ಬರೀ ಒರಗಿಸಿಯೇ 7 ಇಂಚು ಗಿಟ್ಟಿಸಲು ಹೊರಟರೆ ಅದು 71 ಡಿಗ್ರಿಗೆ ಹೋಗಿ ಹೆಚ್ಚುಕಡಿಮೆ ಆಕಾಶ ನೋಡುತ್ತ ಮಲಗುತ್ತದೆ. ಗಾಜನ್ನು ಓರೆಯಾಗಿ ನೋಡಿದಷ್ಟೂ ಪ್ರತಿಫಲನ ಹೆಚ್ಚು. 40 ಡಿಗ್ರಿಯಲ್ಲಿ ಪ್ರತಿ ಮೇಲ್ಮೈ ಹಿಂದಿರುಗಿಸುವ ಬೆಳಕು ನೂರಕ್ಕೆ ಐದರಷ್ಟಿದ್ದರೆ 59 ಡಿಗ್ರಿಯಲ್ಲಿ ಅದು ಒಂಬತ್ತರ ಹತ್ತಿರ. ಅಲ್ಲಿಂದ ಮುಂದೆ ಏರಿಕೆ ಇನ್ನೂ ಕಡಿದು. ಹಿಂಬದಿ ಸೀಟಿನ ಮೇಲೆ ಬಿಸಿಲೂ ನೇರವಾಗಿ ಸುರಿಯುತ್ತದೆ. ಹೀಗೆ ಪ್ರತಿ ಗಾಜೂ, ತನ್ನ ಉದ್ದ ಮತ್ತು ಬಾಗಿಗೆ ತಕ್ಕಂತೆ, ಇಷ್ಟು ಇಂಚು ಸಾಧ್ಯ, ಇನ್ನು ಮುಂದೆ ಬೇಡ ಎಂದು ಹೇಳುತ್ತದೆ. ಆ ಮಾತಿಗೆ ಕಿವಿಗೊಟ್ಟ ಕಾರು ಹಿತಮಿತವಾಗಿರುತ್ತದೆ. ಕಿವಿಗೊಡದ ಕಾರಿನಲ್ಲಿ ಹಿಂಬದಿ ಕಿಟಕಿ ಅಂಚೆಪೆಟ್ಟಿಗೆಯ ಬಾಯಿಯಾಗಿಬಿಡುತ್ತದೆ.

ಇಲ್ಲೊಂದು ಆಕ್ಷೇಪ ನ್ಯಾಯವಾದದ್ದು. ಮೂಲ ಗಾಜನ್ನು ಇಡಿಯಾಗಿ ಉಳಿಸಿದರೂ ಚಾಲಕನಿಗೆ ಹಿಂದಿನ ನೋಟ ಹೆಚ್ಚೇನೂ ಸಿಗುವುದಿಲ್ಲವಲ್ಲ? ನಿಜ. ಚಾಲಕನ ಕಣ್ಣಿಗೆ ಸಿಗುವುದು ಕಿಟಕಿಯ ನೇರ ಎತ್ತರ ಮಾತ್ರ. ಗಾಜನ್ನು ಮಲಗಿಸಿದರೂ ಮೊಟಕುಗೊಳಿಸಿದರೂ ಅದು 20.6 ಸೆಂಟಿಮೀಟರೇ. ಪ್ರತಿಫಲನವನ್ನು ಲೆಕ್ಕಕ್ಕೆ ಹಿಡಿದರೆ ಮಲಗಿದ ಗಾಜು ಕೊಂಚ ಹಿಂದೆಯೇ ಬೀಳುತ್ತದೆ. ಚಾಪ್ ಮಾಡಿದ ಯಾವ ಕಾರಿನಲ್ಲೂ ನೋಟ ಕಡಿಮೆಯಾಗುವುದು ಖಂಡಿತ. ಅದಕ್ಕೆ ಪರಿಹಾರ ಎರಡೂ ಬದಿಗೆ ಒಳ್ಳೆಯ ಹೊರಗನ್ನಡಿ. ಗಾಜನ್ನು ಉಳಿಸಿ ಎಂದು ಕೇಳುವುದು ನೋಟಕ್ಕಾಗಿ ಅಲ್ಲ, ಸುರಕ್ಷತೆಗಾಗಿ, ಆಕಾರಕ್ಕಾಗಿ, ಮತ್ತು ಎಲ್ಲಿ ನಿಲ್ಲಬೇಕೆಂದು ಹೇಳುವ ಒಂದು ಅಳತೆಗೋಲು ಬೇಕು ಎಂಬುದಕ್ಕಾಗಿ.

ಅಕ್ರಿಲಿಕ್ ಹಾಳೆ ಹಾಕಬಾರದೇ ಎಂಬುದು ಇನ್ನೊಂದು ಪ್ರಶ್ನೆ. ಮನೆಯ ಗರಗಸದಲ್ಲೇ ಕೊಯ್ಯಬಹುದು, ಕಾಯಿಸಿ ಬಾಗಿಸಬಹುದು, ಬೆಲೆಯೂ ಕಡಿಮೆ. ಒಣ ಸರೋವರದ ಮೇಲೆ ವರ್ಷಕ್ಕೆರಡು ಸಲ ಓಡುವ ರೇಸಿನ ಕಾರಿಗೆ ಅದು ಸಾಕು. ದಿನವೂ ರಸ್ತೆಗಿಳಿಯುವ ಕಾರಿಗೆ ಸಾಲದು. ಒರೆಸಿದಷ್ಟೂ ಗೀರು ಬೀಳುತ್ತದೆ. ಕಾವಿಗೆ ಅಕ್ರಿಲಿಕ್ ಗಾಜಿಗಿಂತ ಏಳೆಂಟು ಪಟ್ಟು ಹೆಚ್ಚು ಹಿಗ್ಗುತ್ತದೆ: 120 ಸೆಂಟಿಮೀಟರ್ ಅಗಲದ ಕಿಟಕಿ ಮುಂಜಾನೆಯ ತಂಪಿನಿಂದ 40 ಡಿಗ್ರಿ ಹೆಚ್ಚು ಕಾದರೆ ಗಾಜು ಅರ್ಧ ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ, ಅಕ್ರಿಲಿಕ್ ಮೂರಕ್ಕೂ ಹೆಚ್ಚು ಮಿಲಿಮೀಟರ್ ಬೆಳೆಯುತ್ತದೆ. ಬಿಗಿಯಾಗಿ ಹಿಡಿದರೆ ಉಬ್ಬುತ್ತದೆ, ಸಡಿಲ ಬಿಟ್ಟರೆ ನೀರು ಸೋರುತ್ತದೆ. ಬೆಂಕಿ ಹತ್ತಿಕೊಳ್ಳುವ ವಸ್ತು ಎಂಬುದನ್ನೂ ಮರೆಯುವಂತಿಲ್ಲ. ಹೊಸದಾಗಿ ಅಚ್ಚು ಮಾಡಿಸಿ ಲ್ಯಾಮಿನೇಟೆಡ್ ಗಾಜು ಬಾಗಿಸಿ ತರಿಸುವುದು ಇದಕ್ಕಿಂತ ಗೌರವದ ದಾರಿ. ಮೂಲ ಗಾಜು ಒಡೆದುಹೋಗಿ, ಬದಲಿಯೂ ಸಿಗದ ಕಾರಿಗೆ ಅದೇ ಸರಿ ಎಂದು ಒಪ್ಪುತ್ತೇನೆ. ಆದರೆ ಆಗಲೂ ಅಚ್ಚಿನ ಆಕಾರವನ್ನು ಮೂಲ ಗಾಜಿನ ಬಾಗಿನಿಂದಲೇ ಪಡೆಯಬೇಕು. ಡಿಕ್ಕಿಯ ಮುಚ್ಚಳ, ಹಿಂದಿನ ಮಡ್‌ಗಾರ್ಡ್, ಚಾವಣಿ ಎಲ್ಲವೂ ಆ ಬಾಗಿನ ಜೊತೆ ಹೊಂದುವಂತೆ ರೂಪುಗೊಂಡವು. ಚಪ್ಪಟೆ ಹಾಳೆಯೊಂದನ್ನು ಆ ಜಾಗದಲ್ಲಿ ಬಗ್ಗಿಸಿ ತುರುಕಿದರೆ ಎಷ್ಟು ಚೆಂದದ ಬಣ್ಣ ಬಳಿದರೂ ಬೆಳಕು ಅಲ್ಲಿಗೆ ಬಂದು ಎಡವುತ್ತದೆ.

ಎಲ್ಲಕ್ಕಿಂತ ತೂಕದ ಆಕ್ಷೇಪ ಕತ್ತರಿಸಲೇಬಾರದು ಎನ್ನುವವರದ್ದು. 1955ರ ‘ರೆಬೆಲ್ ವಿದೌಟ್ ಎ ಕಾಸ್’ ಚಿತ್ರದಲ್ಲಿ ಜೇಮ್ಸ್ ಡೀನ್ ಓಡಿಸಿದ 1949ರ ಮರ್ಕ್ಯುರಿಯ ಚಾವಣಿ ಕತ್ತರಿಸಿದ್ದಲ್ಲ. ಅದರ ಚೆಲುವಿಗೆ ಯಾವ ಕೊರತೆಯೂ ಇಲ್ಲ. ಅಪರೂಪದ, ಮೂಲ ಸ್ಥಿತಿಯಲ್ಲಿ ಉಳಿದುಬಂದ ಕಾರಿಗೆ ಗರಗಸ ಇಡಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ನಮ್ಮ ದೇಶದಲ್ಲಿ ಕಾನೂನೂ ಆ ಕಡೆಗೇ ಇದೆ: ತಯಾರಕರ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 50 ವರ್ಷ ಮೀರಿದ ಕಾರುಗಳಿಗಾಗಿ 2021ರಲ್ಲಿ ಬಂದ ವಿಂಟೇಜ್ ನಿಯಮಗಳು ಚಾಸಿ, ಬಾಡಿ, ಎಂಜಿನ್ ಬದಲಾಗದಿದ್ದರೆ ಮಾತ್ರ ಮಾನ್ಯತೆ ಕೊಡುತ್ತವೆ. ಅಮೆರಿಕದ ಚರಿತ್ರೆ ಬೇರೆ. ಅಲ್ಲಿ ಚಾಪ್ ಆದ ಕಾರೇ ಒಂದು ಕಾಲದ ಕಲೆಯಾಗಿ ಬೆಳೆದಿದೆ, ಹಿರೋಹಾಟಾನ ಮರ್ಕ್ಯುರಿ ಅಲ್ಲಿನ ರಾಷ್ಟ್ರೀಯ ಐತಿಹಾಸಿಕ ವಾಹನಗಳ ದಾಖಲೆಯಲ್ಲಿ ಸೇರಿದೆ. ಅಲ್ಲಿ ಕತ್ತರಿಸುವವರು ಇರುತ್ತಾರೆ. ಅವರಿಗೆ ಹೇಳಬೇಕಾದ ಮಾತು, ತಗಡನ್ನು ಯಾವ ಕಾಲಕ್ಕಾದರೂ ಬಡಿದು ಮಾಡಿಕೊಳ್ಳಬಹುದು, ಆದರೆ ಎಷ್ಟೋ ಮಾದರಿಗಳಿಗೆ ಹಿಂಬದಿ ಗಾಜು ಹಳೆ ಕಾರುಗಳಿಂದ ಕಳಚಿ ತಂದರಷ್ಟೇ ಸಿಗುವುದು. ಗಾಜು ಉಳಿದರೆ ಮುಂದೊಂದು ದಿನ ಯಾರಾದರೂ ಆ ಚಾವಣಿಯನ್ನು ಮತ್ತೆ ಮೇಲೆತ್ತಲು ಬಯಸಿದಾಗ ದಾರಿ ಮುಚ್ಚಿರುವುದಿಲ್ಲ.

ಗಾಜನ್ನು ಅಳತೆಗೋಲಾಗಿ ಹಿಡಿದರೆ ಕೆಲಸದ ಕ್ರಮವೂ ಬದಲಾಗುತ್ತದೆ. ಗರಗಸಕ್ಕೆ ಕೈ ಹಾಕುವ ಮೊದಲು ಗಾಜನ್ನು ಹೊರತೆಗೆದು, ಅದರ ಮೇಲೆ ಫೈಬರ್‌ಗ್ಲಾಸ್ ಹಾಸಿ ಒಂದು ಪಡಿಯಚ್ಚು ಮಾಡಿಕೊಳ್ಳಬೇಕು. ಗ್ರೈಂಡರಿನ ಕಿಡಿ ತಾಗಿದರೆ ಗಾಜಿನ ಮೈಗೆ ಅಂಟಿ ಚುಕ್ಕೆಚುಕ್ಕೆ ಕುಳಿ ಬೀಳುತ್ತದೆ. ಆದ್ದರಿಂದ ತಗಡಿನ ಕೆಲಸ ಮುಗಿಯುವವರೆಗೆ ಗ್ಯಾರೇಜಿನಲ್ಲಿ ಇರಬೇಕಾದದ್ದು ಪಡಿಯಚ್ಚು, ಗಾಜಲ್ಲ. ಕಾರಿನೊಳಗೆ ಕಬ್ಬಿಣದ ಪೈಪುಗಳ ಆಸರೆ ಕಟ್ಟಿ, ಬಾಗಿಲುಗಳ ಅಂತರ ಅಳೆದು ಬರೆದಿಟ್ಟು, ಪಡಿಯಚ್ಚನ್ನು ಬೇಕಾದ ಓರೆಯಲ್ಲಿ ನಿಲ್ಲಿಸಿ, ಚಾವಣಿಯ ಹಿಂದಿನ ಅಂಚು ಎಲ್ಲಿ ಬರಬೇಕೆಂದು ಅದರಿಂದ ಗುರುತು ಹಾಕಬೇಕು. ಮುಂದಿನ ಕಂಬದ ಕೊಯ್ತ ಆಮೇಲಿನದು. ಅಲ್ಲಲ್ಲಿ ಟ್ಯಾಕ್ ಹಾಕಿ ಹಿಡಿಸಿದಾಗ ಪಡಿಯಚ್ಚು ಸುತ್ತಲೂ ಒಂದೇ ಅಂತರದಲ್ಲಿ ಕೂರುತ್ತದೆಯೇ, ನಾಲ್ಕೂ ಮೂಲೆ ಒಂದೇ ಸಮತಲಕ್ಕೆ ತಾಗುತ್ತವೆಯೇ ಎಂದು ನೋಡಿ, ಪೂರ್ತಿ ವೆಲ್ಡಿಂಗ್ ಆದ ಮೇಲೆ ಮತ್ತೊಮ್ಮೆ ನೋಡಬೇಕು. ಕಾವು ಚೌಕಟ್ಟನ್ನು ತಿರುಚಿರುತ್ತದೆ. ಟಫನ್ಡ್ ಗಾಜಿನ ಬಲಹೀನ ಜಾಗ ಅದರ ಅಂಚು. ತಿರುಚಿದ ಚೌಕಟ್ಟಿನಲ್ಲಿ ಕೂತ ಗಾಜು ಆ ದಿನ ಒಡೆಯದಿರಬಹುದು, ತಿಂಗಳುಗಳ ನಂತರ ರಸ್ತೆಯ ಗುಂಡಿಯೊಂದಕ್ಕೆ ಒಡೆಯುತ್ತದೆ. ಬಣ್ಣ ಒಣಗಿದ ಮೇಲೆ ಬೀಡಿಂಗ್‌ನ ಸೀಳಿನಲ್ಲಿ ದಾರ ಸುತ್ತಿ, ಸೋಪಿನ ನೀರು ಸವರಿ, ಒಬ್ಬರು ಹೊರಗಿನಿಂದ ಒತ್ತುತ್ತ ಇನ್ನೊಬ್ಬರು ಒಳಗಿನಿಂದ ದಾರ ಎಳೆಯುತ್ತ ಗಾಜನ್ನು ಕೂರಿಸಬೇಕು. ಯಾವ ಮೂಲೆ ಒಲ್ಲೆ ಎಂದರೂ ಅಂಗೈಯಿಂದ ಗುದ್ದಿ ಕೂರಿಸಬಾರದು. ಗಾಜನ್ನು ಹೊರತೆಗೆದು ಆ ಮೂಲೆಯ ತಗಡಿನ ಅಂಚನ್ನು ಬಿಡಿಸಿ ಮತ್ತೆ ಇಟ್ಟು ನೋಡಬೇಕು, ಬಣ್ಣ ಕೆಟ್ಟರೂ ಸರಿಯೇ.